ಹನ್ನೊಂದು ಪೈಪು

ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣಲಿಲ್ಲ.
ಕಪ್ಪು ರಬ್ಬರಿನ ಸಣ್ಣ ಪೈಪುಗಳು, ಹನ್ನೊಂದು,
ಬಿಡಿಸಲು ಮನಸ್ಸಿಲ್ಲದವರು ಎತ್ತಿಟ್ಟ ಏಡಿಬಲೆಯ ಹಾಗೆ.
ಅಪ್ಪ ಒಂದನ್ನು ಚಿವುಟಿದ. ಬೆರಳಲ್ಲಿ ಪುಡಿ.

"ಎಪ್ಪತ್ತೆಂಟರದು," ಅಂದರು ಮುಜಮ್ಮಿಲ್ ಸಾಹೇಬರು,
"ಅಮೇರಿಕಕ್ಕೆಂದು ಜಪಾನಿನಲ್ಲಿ ಮಾಡಿದ್ದು,
ಹೇಗೋ ಕುವೈತಿಗೆ ಬಂತು, ಅಲ್ಲಿಂದ
ನಮ್ಮಪ್ಪನ ಜೊತೆ ಭಟ್ಕಳಕ್ಕೆ.
ಈಗ ನಿಂತಲ್ಲೇ ಕೆಮ್ಮುತ್ತದೆ,
ಅಂಕೋಲೆ ದಾಟುವಷ್ಟರಲ್ಲಿ ಮೂರು ಸಲ ಬಂದ್ ಬಿತ್ತು."

ಕೋಡಿಬಾಗದ ನಮ್ಮ ಶೆಡ್ಡಿಗೆ ಕಾಳಿ ನದಿ ಹತ್ತಿರ,
ಕಡಲು ಇನ್ನೂ ಹತ್ತಿರ. ಈ ಉಪ್ಪು ಗಾಳಿಗೆ
ಸ್ಪ್ಯಾನರಿಗೂ ದಿನಾ ಎಣ್ಣೆ ತಿಕ್ಕಬೇಕು.
ಬೋಲ್ಟಿನ ತಲೆ ಮೊದಲ ತಿರುವಿಗೇ ಸವೆದು ದುಂಡಗಾಯಿತು.
ಅಪ್ಪ ಬೈಯಲಿಲ್ಲ. ಗ್ಯಾಸ್ ಹಚ್ಚಿ ಕೆಂಪಗೆ ಕಾಸಿ
ಮೇಣದಬತ್ತಿಯ ತುಂಡು ತಾಗಿಸಿದ, ಕಾದ.
ಟಕ್.
ಬಿಟ್ಟುಕೊಟ್ಟಿತು.

ನಾನು ಹೆದ್ದಾರಿ ಪಕ್ಕ ವ್ಯಾನಿನಲ್ಲಿ ಕೂತು
ಗಾಡಿಗಳ ಹೊಗೆ ಅಳೆಯುವವಳು.
ಅವತ್ತು ಗಿರಾಕಿ ಇರಲಿಲ್ಲ; ಬಂದು ಟಾರ್ಚು ಹಿಡಿದೆ.
ಹೊಗೆ ಕಮ್ಮಿಯಾಗಲೆಂದೇ ಯಾರೋ ಎಲ್ಲೋ ಕೂತು ಜೋಡಿಸಿದ್ದನ್ನು
ಅಪ್ಪ ಒಂದೊಂದಾಗಿ ಕಳಚುವಾಗ
ಬೆಳಕು ಸ್ವಲ್ಪ ಅಲುಗಿರಬಹುದು.
"ನೆಟ್ಟಗೆ ಹಿಡಿ, ಸುಲಕ್ಷಾ."

ಗಾಳಿ ಪಂಪು ಮೊದಲು ಬಂತು. ಬೇರಿಂಗು ಅಂಟಿ
ಯಾವ ಕಾಲದಿಂದಲೋ ತಿರುಗದೆ, ಬೆಲ್ಟನ್ನಷ್ಟೇ ತಿನ್ನುತ್ತಿತ್ತು.
ಆಮೇಲೆ ಆ ವಾಲ್ವು:
ಬಿಟ್ಟ ಉಸಿರಲ್ಲಿ ಒಂದು ಪಾಲನ್ನು
ಎಂಜಿನ್ನಿಗೇ ಮತ್ತೆ ಕುಡಿಸುವಂಥದ್ದು.
ಬಾಯಿ ತುಂಬ ಮಸಿ, ಮುಚ್ಚಲಾರದೆ ತೆರೆದೇ ಇತ್ತು.
ಅಂಗೈಯಲ್ಲಿ ಹೊರಳಿಸಿ ಬಹಳ ಹೊತ್ತು ನೋಡಿದ.
"ಮಾಡಿದವನು ದಡ್ಡನಲ್ಲ. ಕಾರಿದ್ದನ್ನು
ನೀನೇ ಸ್ವಲ್ಪ ನುಂಗು ಅಂತ ಕಲಿಸಿದ್ದಾನೆ.
ಮನುಷ್ಯರಿಗೆ ಇದನ್ನು ಯಾರು ಕೂರಿಸುತ್ತಾರೆ?"
ಹೇಳಿ ಬೀಡಿ ಹಚ್ಚಿದ.
ಪೆಟ್ರೋಲು ಬಿಚ್ಚಿಟ್ಟಿದೆ ಎಂದು ಕಿರುಚಿದೆ.
ಆರಿಸಿ ಕಿವಿಯ ಮೇಲಿಟ್ಟ.

ತೂತುಗಳು ಉಳಿದವು.
ತೆಗೆಯುವುದು ಅರ್ಧ ಕೆಲಸ, ತೆಗೆದ ಜಾಗ ಮುಚ್ಚುವುದು ಪೂರ್ತಿ.
ಬೈತಖೋಲದಲ್ಲಿ ಒಡೆದ ಟ್ರಾಲರಿನ ಉಕ್ಕಿನ ತಗಡಿನಿಂದ
ಹೆಬ್ಬೆರಳಗಲದ ಬಿಲ್ಲೆ ಕೊಯ್ದು, ಅರ ಹಾಕಿ
ಒಂದೊಂದನ್ನೂ ಕೂರಿಸಿದ.

ಕೊನೆಗೆ ಒಂದು ಕಪ್ಪು ಡಬ್ಬಿ.
ರಾತ್ರಿ ಟ್ಯಾಂಕಿಂದ ಏಳುವ ಪೆಟ್ರೋಲಿನ ಆವಿಯನ್ನು
ಹಿಡಿದಿಟ್ಟು, ಬೆಳಿಗ್ಗೆ ಎಂಜಿನ್ನಿಗೆ ಒಪ್ಪಿಸುವುದು.
ಒಳಗೆ ಇದ್ದಿಲು; ತೆಂಗಿನ ಗೆರಟೆ ಸುಟ್ಟದ್ದೇ ಇರಬೇಕು.
"ಇದೂ ಬೇಡ, ಪೂರಾ ಖಾಲಿ ಮಾಡಿ," ಅಂದರು ಸಾಹೇಬರು.
"ಗಾಡಿ ಎಲ್ಲಿ ನಿಲ್ಲಿಸುತ್ತೀರಿ?"
"ಮನೆಯ ಕೆಳಗೆ."
"ಮೇಲೆ ಯಾರು ಮಲಗುತ್ತಾರೆ?"
ಸ್ವಲ್ಪ ತಡೆದರು. "ತಂಗಿ. ಬಾಣಂತಿ."
ಅಪ್ಪ ಡಬ್ಬಿಗೆ ಎರಡು ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದ.
ಮತ್ತೆ ಆ ಮಾತು ಬರಲಿಲ್ಲ.

ಸ್ಟಾರ್ಟು. ಕೆಮ್ಮಿಲ್ಲ. ಎಂಜಿನ್ನಿನ ಮೇಲಿಟ್ಟ
ಚಹಾದ ಲೋಟದಲ್ಲಿ ಕೆನೆ ಕೂಡ ಒಡೆಯಲಿಲ್ಲ.
ಸಾಹೇಬರು ಚಪ್ಪಾಳೆ ತಟ್ಟಿದರು. ಅಪ್ಪ ಹಿಂದೆ ಹೋಗಿ
ಸೈಲೆನ್ಸರಿಗೆ ಬಿಳಿ ಕರವಸ್ತ್ರ ಹಿಡಿದ,
ಮೂಸಿದ, ನನ್ನತ್ತ ನೋಡಿದ.

ಕಡ್ಡಿ ತೂರಿಸಿದೆ. ಅಂಕಿ ಏರಿತು, ಏರಿತು,
ಮಿತಿಗೆ ಒಂದು ಕೂದಲು ಕೆಳಗೆ ನಿಂತಿತು.
ಗಾಡಿಗೆ ವಯಸ್ಸಾದಷ್ಟೂ ಮಿತಿ ಸಡಿಲ.
ಚೀಟಿ ಕೊಟ್ಟೆ. ಕೊಡದಿರಲು ಕಾರಣವಿರಲಿಲ್ಲ.
ಪ್ರಿಂಟರು ಕಿರಗುಟ್ಟುತ್ತಿರುವಷ್ಟು ಹೊತ್ತು
ಅಪ್ಪನೂ ನಾನೂ ಕಾಗದವನ್ನೇ ನೋಡಿದೆವು.

ತೆಗೆದದ್ದೆಲ್ಲ ಬಿಸ್ಕೀಟಿನ ಡಬ್ಬಿಯಲ್ಲಿದೆ; ಯಾರೂ ಕೇಳಿ ಬಂದಿಲ್ಲ.
ಬಾನೆಟ್ಟಿನ ಒಳಮೈಗೆ ಅಂಟಿದ್ದ ಪೈಪುಗಳ ನಕ್ಷೆಯನ್ನು
ಉಗುರಲ್ಲಿ ಎಬ್ಬಿಸಿ ವ್ಯಾನಿನ ಬಾಗಿಲಿಗೆ ಹಚ್ಚಿದ್ದೇನೆ.
ಗಿರಾಕಿ ಇಲ್ಲದ ಮಧ್ಯಾಹ್ನ,
ಸೇತುವೆ ದಾಟಿ ಗೋವಾ ಕಡೆಯ ಲಾರಿಗಳು ಕಪ್ಪು ಕಾರುತ್ತ ಹೋಗುವಾಗ
ಬೆರಳಿಟ್ಟು ಗೆರೆ ಹಿಂಬಾಲಿಸುತ್ತೇನೆ.
ಎಲ್ಲವೂ ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪುತ್ತವೆ.
ಏಳನೆಯದು ಮಾತ್ರ, ನನ್ನ ಉಗುರು ತಾಗಿ ಹರಿದದ್ದು,
ಎಂಜಿನ್ನಿನಿಂದ ಹೊರಟು ಕಾಗದದ ಅಂಚಿಗೆ ಬಂದು ನಿಲ್ಲುತ್ತದೆ.
ಅಲ್ಲಿಂದಾಚೆ ವ್ಯಾನಿನ ತಗಡು, ಬೆರಳಿಗೆ ಬಿಸಿ.